ಮಾನವ ಕಳ್ಳಸಾಗಣೆ ವಿರುದ್ಧ ವಿದೇಶದಲ್ಲಿ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕ್ಷೇತ್ರಕ್ಕೆ ಬರಬೇಕು ಅಂತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರ ಕೊಡುವಾಗ ನನ್ನ ಮನಸ್ಸಿನಲ್ಲಿ ಇರುವುದು ಮುಖ್ಯವಾಗಿ ನೇಪಾಳ, ಥಾಯ್ಲೆಂಡ್ ಮತ್ತು ಕಾಂಬೋಡಿಯಾ. ಯುರೋಪ್, ಅಮೆರಿಕದ ಲೆಕ್ಕಾಚಾರ ಬೇರೆ. ಕೆಲವು ಉತ್ತರಗಳು ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚಬಹುದು. ಹೋದ ಮೇಲೆ ಬೇಸರಪಡುವುದಕ್ಕಿಂತ ಮೊದಲೇ ತಿಳಿದಿರುವುದು ವಾಸಿ.

ಮಾನವ ಕಳ್ಳಸಾಗಣೆ ಅಂದರೆ ಹೆಣ್ಣುಮಕ್ಕಳನ್ನು ಗಡಿ ದಾಟಿಸಿ ಮಾರುವುದು, ಅಷ್ಟೇ ತಾನೇ?

ಅಲ್ಲ. ಗಡಿ ದಾಟಲೇಬೇಕು ಅಂತ ಕಾನೂನು ಎಲ್ಲೂ ಹೇಳುವುದಿಲ್ಲ. ವಿಶ್ವಸಂಸ್ಥೆ 2000ದಲ್ಲಿ ಒಪ್ಪಿದ ಪಲೆರ್ಮೊ ಒಪ್ಪಂದ ಮೂರು ವಿಷಯ ನೋಡುತ್ತದೆ. ಒಬ್ಬರನ್ನು ಕರೆತಂದರೋ, ಸಾಗಿಸಿದರೋ, ಇಟ್ಟುಕೊಂಡರೋ? ಅದಕ್ಕೆ ಮೋಸ, ಬೆದರಿಕೆ, ಬಲವಂತ ಬಳಸಿದರೋ? ಉದ್ದೇಶ ದುಡಿಸಿಕೊಳ್ಳುವುದೋ? ಮೂರೂ ಸೇರಿದರೆ ಅದು ಕಳ್ಳಸಾಗಣೆ. 18 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ನಡುವಿನದನ್ನು, ಅಂದರೆ ಮೋಸ, ಬೆದರಿಕೆ, ಬಲವಂತವನ್ನು, ಸಾಬೀತು ಮಾಡಬೇಕಾಗಿಯೇ ಇಲ್ಲ. ಭಾರತ ಈ ಒಪ್ಪಂದವನ್ನು 2011ರಲ್ಲಿ ಅಂಗೀಕರಿಸಿತು, ನೇಪಾಳ 2020ರಲ್ಲಿ.

ಲೈಂಗಿಕ ಶೋಷಣೆ ಇದರ ಒಂದು ಭಾಗ ಮಾತ್ರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಅದರ ಜೊತೆಗಾರರು 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಅವರಲ್ಲಿ ಲೈಂಗಿಕ ಶೋಷಣೆಗೆ ಸಿಕ್ಕವರು ಸುಮಾರು 63 ಲಕ್ಷ. ಅದಕ್ಕಿಂತ ಎಷ್ಟೋ ಜಾಸ್ತಿ ಜನ ಹೊಲ, ಕಟ್ಟಡ, ಕಾರ್ಖಾನೆ, ಮೀನುಗಾರಿಕೆ ದೋಣಿ, ಮನೆಗೆಲಸದಲ್ಲಿ ಇದ್ದರು. ಬೆಂಗಳೂರಿನ ಸುತ್ತಲಿನ ಇಟ್ಟಿಗೆ ಗೂಡುಗಳಲ್ಲಿ ಮುಂಗಡ ಹಣದ ಸಾಲಕ್ಕೆ ಸಿಕ್ಕಿಕೊಂಡ ಒಡಿಶಾದ ಕುಟುಂಬಗಳ ಕಥೆಯೂ ಇದೇ ಲೆಕ್ಕಕ್ಕೆ ಬರುತ್ತದೆ.

ನನಗೆ ಜನರನ್ನು ಬಿಡಿಸುವ ಕೆಲಸ ಬೇಕು. ದಾಳಿ ತಂಡದಲ್ಲಿ ಸೇರಬಹುದಾ?

ಇಲ್ಲ. ಬೇರೆ ದೇಶದಲ್ಲಿ ಬಾಗಿಲು ಒಡೆದು ಒಳನುಗ್ಗುವ ಅಧಿಕಾರ ನಿಮಗೂ ಇಲ್ಲ, ನಿಮ್ಮ ಸಂಸ್ಥೆಗೂ ಇಲ್ಲ. ಅದು ಅಲ್ಲಿನ ಪೊಲೀಸರ ಕೆಲಸ. ಯಾವುದಾದರೂ ಸಂಸ್ಥೆ "ನಮ್ಮ ಜೊತೆ ದಾಳಿಗೆ ಬನ್ನಿ" ಅಂತ ಸ್ವಯಂಸೇವಕರನ್ನು ಕರೆಯುತ್ತಿದ್ದರೆ ಆ ಸಂಸ್ಥೆಯಿಂದ ದೂರ ಇರಿ. ತರಬೇತಿ ಇಲ್ಲದವರು ಗಿರಾಕಿಯ ವೇಷ ಹಾಕಿ ಒಳಗೆ ಹೋಗುವುದು, ಕ್ಯಾಮೆರಾ ಬಚ್ಚಿಟ್ಟು ಚಿತ್ರೀಕರಿಸುವುದು ಕೇಸನ್ನೂ ಹಾಳು ಮಾಡುತ್ತದೆ, ಒಳಗಿರುವವರ ಜೀವಕ್ಕೂ ಕುತ್ತು ತರುತ್ತದೆ.

ನಿಜವಾದ ಕೆಲಸದ ಬಹುಪಾಲು ದಾಳಿಯ ಮುಂಚೆ ಮತ್ತು ಆಮೇಲೆ ಇರುತ್ತದೆ. ಹೊರಬಂದವರ ಹೇಳಿಕೆ ಬರೆದುಕೊಳ್ಳಬೇಕು. ಪಾಸ್‌ಪೋರ್ಟ್ ಇಲ್ಲದವರಿಗೆ ಪ್ರಯಾಣದ ಕಾಗದ ಮಾಡಿಸಬೇಕು. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನ್ಯಾಯಾಲಯದ ಮುಂದಿನ ತಾರೀಖು ನೆನಪಿಡಬೇಕು. ಊರಲ್ಲಿ ಮನೆಯವರು ಮಗಳನ್ನು ಒಳಗೆ ಸೇರಿಸುತ್ತಾರೋ ಇಲ್ಲವೋ ಅಂತ ವಿಚಾರಿಸಬೇಕು. ಬಾಕಿ ಕೂಲಿ ಕೊಡಿಸಬೇಕು. ಹೊರಬಂದವರನ್ನು ಇರಿಸುವ ಶೆಲ್ಟರ್‌ನ ಅಕ್ಕಿ ಬೇಳೆ ಲೆಕ್ಕ ಬರೆಯಬೇಕು. ಹಣ ಕೊಟ್ಟವರಿಗೆ ಮೂರು ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಇದರಲ್ಲಿ ಸಿನಿಮಾ ಆಗುವಂಥದ್ದು ಏನೂ ಇಲ್ಲ. ಆದರೆ ಒಂದು ಕಾಗದ ತಪ್ಪಿದರೆ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಬಂಧನ ಕೇಂದ್ರದಲ್ಲೇ ಉಳಿಯುತ್ತಾನೆ.

ಸ್ಥಳೀಯರೇ ಇದ್ದಾರಲ್ವಾ? ನನ್ನಂಥವರ ಅಗತ್ಯ ಅಲ್ಲಿ ಏನು?

ಅರ್ಜಿ ಹಾಕುವ ಮೊದಲು ಎಲ್ಲರೂ ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಹೆಚ್ಚಿನ ಕಡೆ ಅಗತ್ಯ ಇಲ್ಲ. ಕಠ್ಮಂಡುವಿನ ಶೆಲ್ಟರ್‌ನಲ್ಲಿ ನೇಪಾಳಿ ಹುಡುಗಿಯ ಜೊತೆ ಮಾತಾಡಲು ನೇಪಾಳಿ ಹೆಣ್ಣುಮಗಳೇ ಸರಿ. ನೇಪಾಳದ 'ಶಕ್ತಿ ಸಮೂಹ'ವನ್ನೇ ನೋಡಿ. 1996ರಲ್ಲಿ ಮುಂಬೈನ ವೇಶ್ಯಾಗೃಹಗಳ ಮೇಲೆ ದಾಳಿ ಆಗಿ ಊರಿಗೆ ಮರಳಿದ ನೇಪಾಳಿ ಹುಡುಗಿಯರೇ ಕಟ್ಟಿದ ಸಂಸ್ಥೆ ಅದು. ಅವರಿಗೆ 2013ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅಂಥವರಿಗೆ ಹೊರಗಿನಿಂದ ಬಂದವರು ಪಾಠ ಹೇಳುವುದು ಹಾಸ್ಯಾಸ್ಪದ.

ಆದರೆ ಒಂದು ಕಡೆ ನಮ್ಮವರು ನಿಜವಾಗಿ ಬೇಕು. ಕಷ್ಟಕ್ಕೆ ಸಿಕ್ಕಿಕೊಂಡಿರುವವರು ಭಾರತೀಯರೇ ಆದಾಗ. ಅದನ್ನು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಮ್ಯಾನ್ಮಾರ್, ಕಾಂಬೋಡಿಯಾದ ಸ್ಕ್ಯಾಮ್ ಕೇಂದ್ರಗಳ ಬಗ್ಗೆ ಕೇಳಿದ್ದೇವೆ. ಅದೂ ಕಳ್ಳಸಾಗಣೆಯೇ? ಅಲ್ಲಿ ಸಂಸ್ಥೆಗಳಿಗೆ ಏನು ಕೆಲಸ?

ಕಳ್ಳಸಾಗಣೆಯೇ. ಈಗ ಏಷ್ಯಾದಲ್ಲಿ ಈ ಕ್ಷೇತ್ರದವರ ನಿದ್ದೆ ಕೆಡಿಸಿರುವುದೂ ಅದೇ.

ನಡೆಯುವ ರೀತಿ ಹೀಗೆ. ಟೆಲಿಗ್ರಾಂನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಒಂದು ಜಾಹೀರಾತು ಬರುತ್ತದೆ. ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್, ಡಿಜಿಟಲ್ ಮಾರ್ಕೆಟಿಂಗ್ ಅಂತ ಕೆಲಸದ ಹೆಸರು. ಊಟ ವಸತಿ ಫ್ರೀ, ಟಿಕೆಟ್ ಅವರದ್ದೇ. ಹುಡುಗ ಪ್ರವಾಸಿಯಾಗಿ ಬ್ಯಾಂಕಾಕ್‌ನಲ್ಲಿ ಇಳಿಯುತ್ತಾನೆ. ಕಾರು ಕಾಯುತ್ತಿರುತ್ತದೆ. ಆಫೀಸು ಬ್ಯಾಂಕಾಕ್‌ನಲ್ಲೇ ಇದೆ ಅಂದುಕೊಂಡವನನ್ನು ಸುಮಾರು 500 ಕಿಲೋಮೀಟರ್ ದೂರದ ಮೇ ಸೋಟ್ ಎಂಬ ಗಡಿ ಊರಿಗೆ ಒಯ್ಯುತ್ತಾರೆ. ಅಲ್ಲಿ ಮೊಯ್ ನದಿ ದಾಟಿದರೆ ಮ್ಯಾನ್ಮಾರ್‌ನ ಮ್ಯಾವಡಿ. ಕೆಕೆ ಪಾರ್ಕ್‌ನಂಥ ಬೇಲಿ ಹಾಕಿದ ಆವರಣಗಳು ಇರುವುದು ಆ ಕಡೆ. ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ದಿನವಿಡೀ ಕೂತು ನಕಲಿ ಪ್ರೊಫೈಲ್‌ನಿಂದ ಯಾರದೋ ಜೊತೆ ಪ್ರೀತಿಯ ಮಾತಾಡಿ, ಕ್ರಿಪ್ಟೊ ಹೂಡಿಕೆ ಅಂತ ಹಣ ಹಾಕಿಸಬೇಕು. ಗುರಿ ಮುಟ್ಟದಿದ್ದರೆ ಹೊಡೆತ, ಕರೆಂಟ್ ಶಾಕ್. ಬಿಡಬೇಕಾದರೆ ಸಾವಿರಾರು ಡಾಲರ್ ಕೊಡು ಅನ್ನುತ್ತಾರೆ. ಇಲ್ಲವಾದರೆ ಇನ್ನೊಂದು ಕಂಪನಿಗೆ ಮಾರುತ್ತಾರೆ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಪ್ರಕಾರ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಬಲವಂತಕ್ಕೆ ಸಿಕ್ಕಿದ್ದಿರಬಹುದು. 2025ರ ಫೆಬ್ರುವರಿಯಲ್ಲಿ ಥಾಯ್ಲೆಂಡ್ ಗಡಿಯಾಚೆಯ ಐದು ಜಾಗಗಳಿಗೆ ವಿದ್ಯುತ್, ಇಂಧನ, ಇಂಟರ್ನೆಟ್ ನಿಲ್ಲಿಸಿತು. ಆಮೇಲೆ ಸುಮಾರು 7,000 ಜನ ಹೊರಬಂದರು. ಮಾರ್ಚ್‌ನಲ್ಲಿ ಭಾರತದ ವಾಯುಪಡೆಯ ವಿಮಾನಗಳು ಮೇ ಸೋಟ್‌ನಿಂದ ಒಂದು ದಿನ 283, ಮರುದಿನ 266 ಭಾರತೀಯರನ್ನು ಕರೆತಂದವು. ಈ ಜಾಲಗಳಿಗೆ ಬಿದ್ದವರಲ್ಲಿ ಕನ್ನಡಿಗರೂ ಇದ್ದಾರೆ. ಬಿದ್ದವರೆಲ್ಲ ಓದು ಬರಹ ಬಾರದವರು ಅಂತ ತಿಳಿಯಬೇಡಿ. ಡಿಗ್ರಿ ಮುಗಿಸಿದವರು, ಇಂಗ್ಲಿಷ್ ಚೆನ್ನಾಗಿ ಬರುವವರು, ಕಂಪ್ಯೂಟರ್ ಗೊತ್ತಿರುವವರೇ ಆ ಕೆಲಸಕ್ಕೆ ಬೇಕು.

ಈಗ ಸಂಸ್ಥೆಗಳ ಪಾತ್ರಕ್ಕೆ ಬರೋಣ. ಹೊರಬಂದ ಪ್ರತಿಯೊಬ್ಬರನ್ನೂ ಅಧಿಕಾರಿಗಳು ವಿಚಾರಿಸುತ್ತಾರೆ. ಇವನು ಮೋಸಕ್ಕೆ ಸಿಕ್ಕವನೋ, ಗೊತ್ತಿದ್ದೇ ಮೋಸ ಮಾಡಲು ಬಂದವನೋ? ಬಲಿಪಶು ಅಂತ ತೀರ್ಮಾನವಾದರೆ ರಕ್ಷಣೆ ಇದೆ. ಇಲ್ಲದಿದ್ದರೆ ಅಕ್ರಮ ವಲಸಿಗ ಅಂತ ದಂಡ, ಬಂಧನ, ಗಡಿಪಾರು. ಬಲವಂತದಿಂದ ಮಾಡಿದ ಅಪರಾಧಕ್ಕೆ ಬಲಿಪಶುವನ್ನು ಶಿಕ್ಷಿಸಬಾರದು ಅನ್ನುವುದು ಒಪ್ಪಿತ ತತ್ವ. ಆದರೆ ಅದು ಜಾರಿಯಾಗಬೇಕಾದರೆ ಅವನ ಕಥೆ ಸರಿಯಾಗಿ ಕೇಳಿಸಬೇಕಲ್ವಾ? ಆಫೀಸಿನ ಇಂಗ್ಲಿಷ್ ಬೇರೆ, ಏಟು ತಿಂದಿದ್ದನ್ನು ಹೇಳಿಕೊಳ್ಳುವ ಮಾತು ಬೇರೆ. ಕನ್ನಡ, ತೆಲುಗು, ತಮಿಳು, ಹಿಂದಿಯಲ್ಲಿ ಸಮಾಧಾನವಾಗಿ ಕೂತು ಕೇಳಿ, ಅದನ್ನು ತಪ್ಪಿಲ್ಲದೆ ಇಂಗ್ಲಿಷಿಗೆ ತರುವವರು ಸಿಗುವುದು ಕಷ್ಟ. ನಿಮ್ಮ ಹತ್ತಿರ ಎರಡು ಮೂರು ದಕ್ಷಿಣ ಭಾರತದ ಭಾಷೆ ಇದ್ದರೆ ಅದನ್ನು ಅರ್ಜಿಯ ಮೊದಲ ಸಾಲಲ್ಲೇ ಬರೆಯಿರಿ.

ಯಾವ ಯಾವ ಸಂಸ್ಥೆಗಳಲ್ಲಿ ಕೆಲಸ ಹುಡುಕಬೇಕು?

ಮೂರು ಥರ ಇವೆ. ಮೊದಲನೆಯದು ವಿಶ್ವಸಂಸ್ಥೆಯ ಕುಟುಂಬ: ಜಿನೀವಾದ ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಅಂದರೆ ಐಓಎಂ, ವಿಯೆನ್ನಾದ ಮಾದಕವಸ್ತು ಮತ್ತು ಅಪರಾಧ ಕಚೇರಿ, ಕಾರ್ಮಿಕ ಸಂಸ್ಥೆ. ಜನರನ್ನು ಊರಿಗೆ ವಾಪಸ್ ಕಳಿಸುವ ಕೆಲಸದಲ್ಲಿ ಐಓಎಂನದ್ದು ದೊಡ್ಡ ಕೈ. ಎರಡನೆಯದು ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳು. 1839ರಿಂದ ಇರುವ ಲಂಡನ್‌ನ ಆ್ಯಂಟಿ ಸ್ಲೇವರಿ ಇಂಟರ್‌ನ್ಯಾಷನಲ್, 1997ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಜಸ್ಟಿಸ್ ಮಿಷನ್, ಹೆಂಗಸರ ಕಳ್ಳಸಾಗಣೆ ವಿರುದ್ಧ ಬ್ಯಾಂಕಾಕ್‌ನಿಂದ ನಡೆಯುವ ಗಾಟ್‌ಡಬ್ಲ್ಯೂ ಒಕ್ಕೂಟ ಇಂಥವು. ಮೂರನೆಯದು ಆಯಾ ದೇಶದ ಸಂಸ್ಥೆಗಳು: ನೇಪಾಳದಲ್ಲಿ 1993ರಲ್ಲಿ ಅನುರಾಧಾ ಕೊಯಿರಾಲಾ ಕಟ್ಟಿದ ಮೈತಿ ನೇಪಾಲ್, ಕಾಂಬೋಡಿಯಾದ ಚಾಬ್ ದಾಯ್ ಒಕ್ಕೂಟ, ಥಾಯ್ಲೆಂಡ್‌ನ ಸಮುತ್ ಸಾಖೋನ್‌ನಲ್ಲಿ ಮೀನು ಸಿಗಡಿ ಕೆಲಸಗಾರರ ಜೊತೆ ಇರುವ ಎಲ್‌ಪಿಎನ್ ಎಂಬ ಕಾರ್ಮಿಕ ಹಕ್ಕುಗಳ ಸಂಸ್ಥೆ.

ಜ್ಞಾನ, ಅನುಭವ ಜಾಸ್ತಿ ಇರುವುದು ಈ ಮೂರನೆಯ ಗುಂಪಿನಲ್ಲಿ. ಹೊರಗಿನವರಿಗೆ ಕೊಡುವ ಹುದ್ದೆ ಜಾಸ್ತಿ ಇರುವುದು ಮೊದಲೆರಡರಲ್ಲಿ.

ಏನು ಓದಿರಬೇಕು?

ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ, ಕಾನೂನು, ಮನಃಶಾಸ್ತ್ರ, ನರ್ಸಿಂಗ್ ಇವು ನೇರ ದಾರಿಗಳು. ಅಕೌಂಟ್ಸ್, ಡೇಟಾ ವಿಶ್ಲೇಷಣೆ, ಸೈಬರ್ ತನಿಖೆ ಗೊತ್ತಿರುವವರಿಗೂ ಈಗ ಬೇಡಿಕೆ ಇದೆ. ಸ್ಕ್ಯಾಮ್ ಹಣ ಕ್ರಿಪ್ಟೊ ಮೂಲಕ ಎಲ್ಲಿ ಹೋಯಿತು ಅಂತ ಹಿಂಬಾಲಿಸುವವರು ಬೇಕಲ್ವಾ?

ವಕೀಲರಿಗೆ ಒಂದು ಎಚ್ಚರಿಕೆ. ಥಾಯ್ಲೆಂಡ್‌ನಲ್ಲಿ ವಕೀಲಿ ವೃತ್ತಿ ಅಲ್ಲಿನ ಪ್ರಜೆಗಳಿಗೇ ಮೀಸಲು. ನೀವು ಸಂಶೋಧನೆ, ತರಬೇತಿ, ದಾಖಲೆ ತಯಾರಿ ಮಾಡಬಹುದು. ಕೋರ್ಟಿನಲ್ಲಿ ನಿಂತು ವಾದ ಮಾಡಲಾಗದು.

ಪದವಿಗಿಂತ ಹೆಚ್ಚು ತೂಕ ಇರುವುದು ಊರಲ್ಲಿ ಮಾಡಿದ ಕೆಲಸಕ್ಕೆ. ನನ್ನ ಸಲಹೆ: ವಿಮಾನ ಹತ್ತುವ ಮೊದಲು ಎರಡು ವರ್ಷವಾದರೂ ಇಲ್ಲಿ ದುಡಿಯಿರಿ. ಜೀತ ಬಿಡುಗಡೆಯ ಕೇಸಿನಲ್ಲಿ ಉಪವಿಭಾಗಾಧಿಕಾರಿ ಕಚೇರಿಗೆ ಅಲೆದು ಬಿಡುಗಡೆ ಪ್ರಮಾಣಪತ್ರ ಕೊಡಿಸಿ ನೋಡಿ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂತು ನೋಡಿ. ಪೊಲೀಸರ ಮಾನವ ಕಳ್ಳಸಾಗಣೆ ತಡೆ ಘಟಕ ಹೇಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ತಿಳಿದುಕೊಳ್ಳಿ. ಈ ಕ್ಷೇತ್ರದಲ್ಲಿ ಹೆಸರು ಮಾಡಿದ ಸುನೀತಾ ಕೃಷ್ಣನ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಅವರು 'ಪ್ರಜ್ವಲಾ' ಕಟ್ಟಿದ್ದು ವಿದೇಶದಲ್ಲಲ್ಲ, ಹೈದರಾಬಾದ್‌ನಲ್ಲಿ.

ಭಾಷೆ ಕಲಿಯಲೇಬೇಕು. ನೇಪಾಳಿ ನಮಗೆ ಬೇಗ ಬರುತ್ತದೆ, ದೇವನಾಗರಿ ಓದಲು ಬಂದರೆ ಇನ್ನೂ ಸುಲಭ. ಥಾಯ್ ಕಷ್ಟ, ಸ್ವರ ಏರಿಳಿದರೆ ಅರ್ಥವೇ ಬದಲು. ಖ್ಮೇರ್‌ನಲ್ಲಿ ಸ್ವರದ ಆ ಕಾಟ ಇಲ್ಲ.

ನೇಪಾಳ ಹತ್ತಿರ, ವೀಸಾ ಬೇಡ. ಅಲ್ಲಿಂದಲೇ ಶುರು ಮಾಡಲಾ?

ಒಳ್ಳೆಯ ಯೋಚನೆ. ಭಾರತ, ನೇಪಾಳ ಮಾಡಿಕೊಂಡ 1950ರ ಒಪ್ಪಂದದಿಂದಾಗಿ ಭಾರತೀಯರಿಗೆ ವೀಸಾ ಇಲ್ಲ. ಊಟ, ಭಾಷೆ, ಹಬ್ಬ ಎಲ್ಲ ಹತ್ತಿರದ್ದು. ಹಣದ ಲೆಕ್ಕವೂ ಸುಲಭ, ನಮ್ಮ ನೂರಕ್ಕೆ ಅವರ ನೂರ ಅರವತ್ತು. ಆದರೆ ವಿದೇಶಿ ಸಂಸ್ಥೆಗಳು ಅಲ್ಲಿನ ಸಮಾಜ ಕಲ್ಯಾಣ ಪರಿಷತ್ತಿನ ಒಪ್ಪಂದದ ಅಡಿಯಲ್ಲೇ ಕೆಲಸ ಮಾಡಬೇಕು. ಹೊರಗಿನ ಸಿಬ್ಬಂದಿ ಎಷ್ಟು ಜನ ಇರಬಹುದು ಅನ್ನುವುದಕ್ಕೂ ಮಿತಿ ಇರುತ್ತದೆ.

ಅಲ್ಲಿನ ವಿಶೇಷ ಗಡಿ ಕಾವಲು. ಭಾರತ–ನೇಪಾಳ ಗಡಿ ಸುಮಾರು 1,750 ಕಿಲೋಮೀಟರ್, ಪೂರ್ತಿ ತೆರೆದದ್ದು. ಸುನೌಲಿ, ರಕ್ಸೌಲ್, ಕಾಕರ್‌ಭಿಟ್ಟಾದಂಥ ದಾರಿಗಳಲ್ಲಿ ಸಂಸ್ಥೆಗಳ ಹೆಣ್ಣುಮಕ್ಕಳು ನಿಂತಿರುತ್ತಾರೆ. ರಿಕ್ಷಾದಲ್ಲಿ ಬರುವ ಹುಡುಗಿಯನ್ನೂ ಜೊತೆಗಿರುವವನನ್ನೂ ಬೇರೆ ಬೇರೆ ನಿಲ್ಲಿಸಿ ವಿಚಾರಿಸುತ್ತಾರೆ. ಎಲ್ಲಿಗೆ, ಯಾಕೆ, ಇವನು ಯಾರು? ಉತ್ತರ ಹೊಂದದಿದ್ದರೆ ಮನೆಗೆ ಫೋನ್. ಈ ಕಾವಲಿನಿಂದ ಉಳಿದುಕೊಂಡವರು ಬಹಳ ಇದ್ದಾರೆ. ಆದರೂ ನನಗೆ ಇದರಲ್ಲಿ ಒಂದು ತಕರಾರಿದೆ. 25 ವರ್ಷದ ಹೆಂಗಸು ಕೆಲಸಕ್ಕೆ ಅಂತ ಸ್ವಂತ ಇಷ್ಟದಿಂದ ಹೊರಟಿದ್ದರೆ ಅವಳನ್ನು ತಡೆದು ಅಪ್ಪನಿಗೆ ಫೋನ್ ಮಾಡುವುದು ಯಾವ ನ್ಯಾಯ? ಮನೆಗೆಲಸಕ್ಕೆ ಗಲ್ಫ್‌ಗೆ ಹೋಗುವ ಹೆಂಗಸರ ಮೇಲೆ ನೇಪಾಳ ಸರ್ಕಾರ ಆಗಾಗ ನಿರ್ಬಂಧ ಹಾಕಿತು. ಹೋಗುವವರು ನಿಲ್ಲಲಿಲ್ಲ, ಭಾರತದ ಮೂಲಕ ಕದ್ದು ಹೋದರು. ಕದ್ದು ಹೋಗುವವರಿಗೆ ಏಜೆಂಟನೇ ದಿಕ್ಕು. ನೀವು ಅಲ್ಲಿಗೆ ಹೋದರೆ ಈ ಜಗಳ ಆಫೀಸಿನ ಒಳಗೇ ಕೇಳಿಸುತ್ತದೆ. ಕಿವಿ ತೆರೆದಿಟ್ಟುಕೊಳ್ಳಿ.

ಕೆಲಸ ಅಲ್ಲ, ರಜೆಯಲ್ಲಿ ಒಂದು ತಿಂಗಳು ಶೆಲ್ಟರ್‌ನಲ್ಲಿ ಸೇವೆ ಮಾಡಬೇಕು ಅಂತಿದ್ದೇನೆ. ಆಗುತ್ತಾ?

ದಯವಿಟ್ಟು ಬೇಡ. ನೊಂದ ಮಕ್ಕಳು ಹೊಸಬರನ್ನು ಹಚ್ಚಿಕೊಳ್ಳುತ್ತಾರೆ, ತಿಂಗಳಾದ ಮೇಲೆ ನೀವು ಟಾಟಾ ಮಾಡಿ ಬರುತ್ತೀರಿ. ಮುಂದಿನ ತಿಂಗಳು ಇನ್ನೊಬ್ಬರು. ಒಳ್ಳೆಯ ಶೆಲ್ಟರ್ ಹೀಗೆ ಬಂದು ಹೋಗುವವರನ್ನು ಒಳಗೆ ಬಿಡುವುದೇ ಇಲ್ಲ.

ಅನಾಥಾಲಯಗಳ ಕಥೆ ಇನ್ನೂ ಕೆಟ್ಟದ್ದು. ನೇಪಾಳ, ಕಾಂಬೋಡಿಯಾ ಎರಡೂ ಕಡೆ ಅನಾಥಾಲಯದ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಅಂತ ಗೊತ್ತಾಗಿದೆ. ಓದಿಸುತ್ತೇವೆ ಅಂತ ಹಳ್ಳಿಯಿಂದ ಮಕ್ಕಳನ್ನು ತರುತ್ತಾರೆ. ವಿದೇಶಿ ಸ್ವಯಂಸೇವಕರು ಕೊಡುವ ಹಣಕ್ಕಾಗಿ ಅವರನ್ನು ಅನಾಥರು ಅಂತ ತೋರಿಸುತ್ತಾರೆ. ಮಗು ದಪ್ಪಗಾದರೆ ದಾನ ಕಡಿಮೆ ಬರುತ್ತದೆ ಅಂತ ಹೊಟ್ಟೆಗೆ ಕಡಿಮೆ ಹಾಕುವವರೂ ಇದ್ದಾರೆ. ಇದೂ ಕಳ್ಳಸಾಗಣೆಯೇ ಅಂತ ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾನೂನು ತಂದಾಗ ಗುರುತಿಸಿತು. ಅಂದರೆ ಕಳ್ಳಸಾಗಣೆ ತಡೆಯಲು ಹೊರಟವರ ದುಡ್ಡೇ ಕಳ್ಳಸಾಗಣೆಗೆ ಬಂಡವಾಳ ಆಗಿಬಿಡುತ್ತದೆ.

ಒಂದೇ ತಿಂಗಳು ಇದ್ದರೆ ಮಕ್ಕಳಿಂದ ದೂರ ಇರುವ ಕೆಲಸ ಕೇಳಿ. ಲೆಕ್ಕಪತ್ರ ಸರಿ ಮಾಡಿಕೊಡುವುದು, ದಾಖಲೆ ಅನುವಾದ, ಕಂಪ್ಯೂಟರ್ ವ್ಯವಸ್ಥೆ. ಇದನ್ನು ಬೆಂಗಳೂರಲ್ಲಿ ಕೂತೇ ಮಾಡಬಹುದು.

ವೀಸಾ, ಕಾಗದಪತ್ರ ಏನೇನು ಬೇಕು?

ಪ್ರವಾಸಿಯಾಗಿ ಹೋಗಿ ಕೆಲಸಕ್ಕೆ ಕೂರಬೇಡಿ. ಥಾಯ್ಲೆಂಡ್‌ನಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೂ ಕೆಲಸದ ಪರವಾನಗಿ ಕೇಳುತ್ತಾರೆ. ಸಂಸ್ಥೆ ನೋಂದಣಿಯಾಗಿದ್ದರೆ ವೀಸಾಕ್ಕೆ ಬೇಕಾದ ಪತ್ರ ಅವರೇ ಕೊಡುತ್ತಾರೆ. "ಮೊದಲು ಬನ್ನಿ, ಆಮೇಲೆ ನೋಡೋಣ" ಅಂದರೆ ಹೋಗಬೇಡಿ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ನೋಡದ ಸಂಸ್ಥೆಯನ್ನು ನಂಬಬಾರದು. ಪದವಿ ಪ್ರಮಾಣಪತ್ರಕ್ಕೆ ಕೆಲವು ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಅಂದರೆ ದೃಢೀಕರಣದ ಮುದ್ರೆ ಸಾಕು, ಕೆಲವಕ್ಕೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಅಂತ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು ಅಂತ ಇದ್ದರೆ ಗಮನಿಸಿ, ಥಾಯ್ಲೆಂಡ್ ಆ ಪಟ್ಟಿಯಲ್ಲಿರುವ 18 ದೇಶಗಳಲ್ಲಿ ಒಂದು. ಹತ್ತನೇ ತರಗತಿ ಪಾಸಾದವರಿಗೆ ಈ ತೊಡಕು ಇರುವುದಿಲ್ಲ.

ಸಂಬಳ ಎಷ್ಟು ಸಿಗುತ್ತದೆ?

ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಹುದ್ದೆಗಳಲ್ಲಿ ಚೆನ್ನಾಗಿ ಸಿಗುತ್ತದೆ, ಸಂಬಳದ ಪಟ್ಟಿ ಎಲ್ಲರೂ ನೋಡುವಂತೆ ಪ್ರಕಟವಾಗಿರುತ್ತದೆ. ಆ ಹುದ್ದೆಗೆ ಸ್ಪರ್ಧೆ ಭಯಂಕರ. ಯುಎನ್ ವಾಲಂಟಿಯರ್ ಆಗಿ ಹೋದರೆ ಸಂಬಳ ಅಲ್ಲ, ಜೀವನ ಭತ್ಯೆ ಕೊಡುತ್ತಾರೆ. ಹೊಸಬರಿಗೆ ಅದು ಒಳ್ಳೆಯ ಬಾಗಿಲು. ಸ್ಥಳೀಯ ಸಂಸ್ಥೆಗಳ ಸಂಬಳದಲ್ಲಿ ಮನೆ ಬಾಡಿಗೆ ಕಟ್ಟಿ ಊರಿಗೂ ಹಣ ಕಳಿಸುತ್ತೇನೆ ಅಂತ ಲೆಕ್ಕ ಹಾಕಬೇಡಿ. ಮನೆಯಲ್ಲಿ ಸಾಲ ಇದ್ದರೆ ಅದನ್ನು ತೀರಿಸಿಕೊಂಡು ಹೊರಡಿ.

ಈಗ ಕಾಲವೂ ಚೆನ್ನಾಗಿಲ್ಲ. ಈ ಕ್ಷೇತ್ರಕ್ಕೆ ಹಣ ಕೊಡುವುದರಲ್ಲಿ ಅಮೆರಿಕ ಸರ್ಕಾರ ಬಹಳ ದೊಡ್ಡದಿತ್ತು. 2025ರ ಜನವರಿಯಲ್ಲಿ ಅದು ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಎಂಬ ಸಂಸ್ಥೆಯನ್ನೇ ಮುಚ್ಚಿತು. ಮೇ ಸೋಟ್‌ನಲ್ಲಿ ಸಾವಿರಾರು ಜನ ಹೊರಬರುತ್ತಿದ್ದ ಹೊತ್ತಿಗೇ ಅವರನ್ನು ನೋಡಿಕೊಳ್ಳಬೇಕಿದ್ದ ಸಂಸ್ಥೆಗಳಿಗೆ ಹಣ ನಿಂತಿತು. ಐಓಎಂನಲ್ಲೂ ಬಹಳ ಜನ ಕೆಲಸ ಕಳೆದುಕೊಂಡರು. ಹತ್ತಾರು ವರ್ಷ ಅನುಭವ ಇರುವವರೇ ಈಗ ಅದೇ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಸಂದರ್ಶನದಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ಈ ಹುದ್ದೆಯ ಹಣ ಎಲ್ಲಿಂದ ಬರುತ್ತದೆ, ಎಷ್ಟು ತಿಂಗಳಿಗಿದೆ? ಅದರಲ್ಲಿ ತಪ್ಪೇನಿಲ್ಲ.

ನನಗೆ ಒಂದು ಆಫರ್ ಬಂದಿದೆ. ನಿಜವೋ ಮೋಸವೋ ಹೇಗೆ ತಿಳಿಯುವುದು?

ಸ್ಕ್ಯಾಮ್ ಕೇಂದ್ರಕ್ಕೆ ಬಿದ್ದ ಹುಡುಗನಿಗೂ ಕೆಲಸದ ಆಫರ್ ಬಂದಿತ್ತು, ಅದನ್ನು ಮರೆಯಬೇಡಿ. ಸೇವೆಯ ಹೆಸರಿದ್ದರೆ ಮೋಸ ಇರುವುದಿಲ್ಲ ಅಂತ ಏನೂ ಇಲ್ಲ. ಐಓಎಂ ಆಗಲಿ ಬೇರೆ ವಿಶ್ವಸಂಸ್ಥೆ ಕಚೇರಿ ಆಗಲಿ ಅರ್ಜಿ, ಸಂದರ್ಶನ, ತರಬೇತಿ ಯಾವುದಕ್ಕೂ ಹಣ ಕೇಳುವುದಿಲ್ಲ. ಕೇಳಿದರೆ ಅದು ನಕಲಿ, ಮುಂದೆ ಯೋಚಿಸಬೇಕಾಗಿಲ್ಲ. ಮೇಲ್ ಬಂದ ವಿಳಾಸ ಸಂಸ್ಥೆಯ ಸ್ವಂತ ವಿಳಾಸವೋ ಜಿಮೇಲೋ ನೋಡಿ. ಸಂಸ್ಥೆಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ, ಅವರು ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಅಲ್ಲ. ಅಲ್ಲಿ ಕೆಲಸ ಬಿಟ್ಟ ಒಬ್ಬರನ್ನಾದರೂ ಹುಡುಕಿ ಮಾತಾಡಿ. ಏಜೆಂಟ್ ಮೂಲಕ ಬಂದದ್ದಾದರೆ ಅವನ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಪರೀಕ್ಷಿಸಿ. ಕೆಲಸದ ಊರು ಯಾವುದು ಅಂತ ಒಪ್ಪಂದದಲ್ಲೇ ಬರೆದಿರಬೇಕು.

ಸಂಸ್ಥೆ ನಿಜವಾದದ್ದೇ ಆದರೂ ಒಳ್ಳೆಯದೇ ಅಂತ ಹೇಳಲಾಗದು. ಕಾಂಬೋಡಿಯಾದಲ್ಲಿ ಜಗತ್ತೇ ಕೊಂಡಾಡಿದ ಒಂದು ಸಂಸ್ಥೆಯ ಸ್ಥಾಪಕಿ, ತಮ್ಮದೇ ಬದುಕಿನ ಬಗ್ಗೆ ಹೇಳಿದ ಕಥೆಗಳ ಮೇಲೆ ಅನುಮಾನ ಎದ್ದು 2014ರಲ್ಲಿ ಅಮೆರಿಕದ ತಮ್ಮ ಪ್ರತಿಷ್ಠಾನಕ್ಕೆ ರಾಜೀನಾಮೆ ಕೊಡಬೇಕಾಯಿತು. ವೆಬ್‌ಸೈಟಿನ ತುಂಬ ಅಳುವ ಮುಖ, "ಇಷ್ಟು ಸಾವಿರ ಜನರನ್ನು ಉಳಿಸಿದೆವು" ಅನ್ನುವ ದೊಡ್ಡ ಅಂಕಿ, ಆದರೆ ಉಳಿಸಿದವರು ಈಗ ಎಲ್ಲಿದ್ದಾರೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಅಂಥ ಕಡೆ ನನಗೆ ಅನುಮಾನ ಬರುತ್ತದೆ.

ಕ್ರೈಸ್ತ ಸಂಸ್ಥೆಗಳೇ ಜಾಸ್ತಿಯಂತೆ? ನಾನು ಸೇರಬಹುದಾ?

ಈ ಕ್ಷೇತ್ರದಲ್ಲಿ ಚರ್ಚ್ ಹಿನ್ನೆಲೆಯ ಸಂಸ್ಥೆಗಳು ಬಹಳ ಇವೆ ಅನ್ನುವುದು ನಿಜ. ಕೆಲವು ಕಡೆ ಸಿಬ್ಬಂದಿಗೂ ಅದೇ ನಂಬಿಕೆ ಇರಬೇಕು ಅಂತ ಜಾಹೀರಾತಿನಲ್ಲೇ ಹೇಳುತ್ತಾರೆ. ಕೆಲವು ಕಡೆ ನಿಮ್ಮ ಖರ್ಚಿನ ಹಣವನ್ನು ನೀವೇ ಪರಿಚಯದವರಿಂದ ಒಟ್ಟು ಮಾಡಿ ತರಬೇಕು. ಕೆಲವು ಕಡೆ ಎರಡೂ ಇಲ್ಲ. ಮೊದಲೇ ಕೇಳಿಬಿಡಿ. ನಾನು ನೋಡುವುದು ಒಂದೇ: ಊಟ, ಹಾಸಿಗೆ, ವಕೀಲ ಇವನ್ನು ಕೊಡುವುದಕ್ಕೆ ಬದಲಾಗಿ ಪ್ರಾರ್ಥನೆಗೆ ಬಾ ಅನ್ನುತ್ತಾರಾ? ಅನ್ನುವುದಾದರೆ, ಯಾವ ಧರ್ಮದವರಾದರೂ ಸರಿ, ನನಗೆ ಬೇಡ.

ಅಪಾಯ ಇದೆಯಾ? ಅಮ್ಮ ಒಪ್ಪುತ್ತಿಲ್ಲ.

ಆಫೀಸು, ಶೆಲ್ಟರ್‌ನ ಕೆಲಸದಲ್ಲಿ ಪ್ರಾಣಾಪಾಯ ಕಡಿಮೆ. ಗಡಿಯ ಊರುಗಳಲ್ಲಿ ಜಾಗ್ರತೆ ಬೇಕು. ಸ್ಕ್ಯಾಮ್ ಕೇಂದ್ರಗಳ ಹಿಂದಿರುವುದು ದೊಡ್ಡ ದುಡ್ಡು, ಮ್ಯಾನ್ಮಾರ್ ಕಡೆ ಬಂದೂಕು ಹಿಡಿದ ಗುಂಪುಗಳು. ನದಿ ದಾಟುವ ಸಾಹಸ ಬೇಡವೇ ಬೇಡ. ಶೆಲ್ಟರ್ ಎಲ್ಲಿದೆ ಅಂತ ಮನೆಯವರಿಗೂ ಹೇಳುವ ಹಾಗಿಲ್ಲ, ಫೋನಿನ ಲೊಕೇಶನ್ ಆಫ್ ಇರಬೇಕು. ಅಮ್ಮನಿಗೆ ಸಂಸ್ಥೆಯ ಕಚೇರಿ ವಿಳಾಸ, ಮೇಲಧಿಕಾರಿಯ ನಂಬರ್, ಭಾರತೀಯ ರಾಯಭಾರ ಕಚೇರಿಯ ನಂಬರ್ ಬರೆದುಕೊಡಿ. ವಿಮೆ ಇದೆಯಾ, ಕಾಯಿಲೆ ಬಿದ್ದರೆ ಊರಿಗೆ ಕಳಿಸುವ ಖರ್ಚು ಅದರಲ್ಲಿ ಸೇರಿದೆಯಾ ಅಂತ ಸಂಸ್ಥೆಯನ್ನು ಕೇಳಿ. ಆಮೇಲೂ ಅಮ್ಮ ಒಪ್ಪದಿದ್ದರೆ ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ!

ದಿನಾ ಇಂಥ ಕಥೆ ಕೇಳಿ ಮನಸ್ಸು ಕೆಡುವುದಿಲ್ವಾ?

ಕೆಡುತ್ತದೆ. ಬೇರೆಯವರ ನೋವು ಕೇಳುವವರಿಗೂ ಅಂಟುತ್ತದೆ. ನಿದ್ದೆ ಬರುವುದಿಲ್ಲ, ಸುಮ್ನೆ ಸಿಟ್ಟು ಬರುತ್ತದೆ, ಬಸ್ಸಿನಲ್ಲಿ ಚಿಕ್ಕ ಹುಡುಗಿಯ ಜೊತೆ ದೊಡ್ಡವರನ್ನು ಕಂಡರೆ ಅನುಮಾನ ಬರುತ್ತದೆ. ಕೆಲವರಿಗೆ ಇದರ ಉಲ್ಟಾ, ಏನು ಕೇಳಿದರೂ ಏನೂ ಅನ್ನಿಸದ ಹಾಗಾಗುತ್ತದೆ. ಅದು ಇನ್ನೂ ಅಪಾಯ. ಒಳ್ಳೆಯ ಸಂಸ್ಥೆಯಲ್ಲಿ ಕೇಸ್ ವರ್ಕರ್‌ಗಳಿಗೆ ನಿಯಮಿತವಾಗಿ ಆಪ್ತಸಮಾಲೋಚಕರ ಜೊತೆ ಕೂರುವ ವ್ಯವಸ್ಥೆ ಇರುತ್ತದೆ. ರಜೆ ಕಡ್ಡಾಯ ಇರುತ್ತದೆ. ಇವೆರಡೂ ಇಲ್ಲದ ಕಡೆ ಜನ ಒಂದೂವರೆ ಎರಡು ವರ್ಷಕ್ಕೆ ಸುಸ್ತಾಗಿ ಬಿಟ್ಟು ಹೋಗುವುದನ್ನು ನೋಡಿದ್ದೇನೆ. ಅನುವಾದ ಮಾಡುವವರ ಕಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. "ನನ್ನನ್ನು ಹೊಡೆದರು" ಅಂತ ಇನ್ನೊಬ್ಬರ ಪರವಾಗಿ ದಿನವಿಡೀ ತಮ್ಮದೇ ಬಾಯಲ್ಲಿ ಹೇಳುತ್ತಿರುತ್ತಾರೆ. ನೀವು ಆ ಕೆಲಸಕ್ಕೆ ಹೋದರೆ ಸಮಾಲೋಚನೆ ನನಗೂ ಬೇಕು ಅಂತ ಕೇಳಿ ಪಡೆಯಿರಿ.

ಅಲ್ಲಿಂದ ಫೋಟೋ ಹಾಕಬಹುದಾ?

ಊಟದ್ದು, ಬೆಟ್ಟದ್ದು ಹಾಕಿ. ಹೊರಬಂದವರದ್ದು ಬೇಡ, ಮುಖ ಮಸುಕು ಮಾಡಿಯೂ ಬೇಡ. ಬಳೆ, ಹಚ್ಚೆ, ಹಿಂದಿನ ಗೋಡೆ ನೋಡಿ ಗುರುತು ಹಿಡಿಯುತ್ತಾರೆ.

ಗಲ್ಫ್‌ನಲ್ಲಿ ನಮ್ಮವರು ಬಹಳ ಕಷ್ಟದಲ್ಲಿದ್ದಾರೆ. ಅಲ್ಲಿ ಇಂಥ ಕೆಲಸ ಸಿಗುತ್ತದಾ?

ಸಿಗುವುದು ಅಪರೂಪ. ಅಲ್ಲಿ ಸ್ವತಂತ್ರ ಸಂಸ್ಥೆಗಳಿಗೆ ಅವಕಾಶ ತೀರಾ ಕಡಿಮೆ, ಅನುಮತಿ ಇಲ್ಲದೆ ಹಣ ಸಂಗ್ರಹಿಸಿದರೆ ಅದೇ ಅಪರಾಧ ಆಗಬಹುದು. ಕಷ್ಟದಲ್ಲಿರುವ ಕರಾವಳಿಯ ಹುಡುಗನಿಗೋ ಮನೆಗೆಲಸದ ಹೆಂಗಸಿಗೋ ಸಹಾಯ ಬರುವುದು ರಾಯಭಾರ ಕಚೇರಿಯಿಂದ ಮತ್ತು ಅದರ ಜೊತೆ ಓಡಾಡುವ ನಮ್ಮದೇ ಸಮುದಾಯದ ಜನರಿಂದ. ಬೇರೆ ಉದ್ಯೋಗದಲ್ಲಿ ಅಲ್ಲಿರುವವರು ವಾರದ ರಜೆಯಲ್ಲಿ ಈ ಓಡಾಟ ಮಾಡುತ್ತಾರೆ. ಟಿಕೆಟ್, ವಕೀಲರ ಖರ್ಚಿಗೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, 2009ರಿಂದ.

ಕೆಲಸದ ವಿಷಯ ಅಲ್ಲ. ನಮ್ಮ ಊರಿನ ಹುಡುಗ ಹೀಗೇ ಎಲ್ಲೋ ಸಿಕ್ಕಿಬಿದ್ದಿದ್ದಾನೆ. ಏನು ಮಾಡಲಿ?

ಮೊದಲು ದುಡ್ಡು ಕಳಿಸಬೇಡಿ. ಒಮ್ಮೆ ಕಳಿಸಿದರೆ ಇನ್ನೂ ಕೇಳುತ್ತಾರೆ. ಅವನಿರುವ ದೇಶದ ಭಾರತೀಯ ರಾಯಭಾರ ಕಚೇರಿಗೆ ಫೋನ್ ಮತ್ತು ಮೇಲ್ ಎರಡೂ ಮಾಡಿ. ಮ್ಯಾನ್ಮಾರ್ ಆದರೆ ಯಾಂಗೊನ್, ಕಾಂಬೋಡಿಯಾ ಆದರೆ ನಾಮ್ ಪೆನ್, ಲಾವೋಸ್ ಆದರೆ ವಿಯೆಂಟಿಯಾನ್. ಗಡಿ ದಾಟಿ ಥಾಯ್ಲೆಂಡ್‌ಗೆ ಬಂದಿದ್ದರೆ ಬ್ಯಾಂಕಾಕ್. ವಿದೇಶಾಂಗ ಸಚಿವಾಲಯದ 'ಮದದ್' ತಾಣದಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆ ಇಟ್ಟುಕೊಳ್ಳಿ. ನಿಮ್ಮ ಠಾಣೆಯಲ್ಲಿ ಏಜೆಂಟನ ಮೇಲೆ ದೂರು ಕೊಡಿ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಕಳ್ಳಸಾಗಣೆಗೆ ಸಂಬಂಧಿಸಿದ್ದು. "ಅವನೇ ಇಷ್ಟಪಟ್ಟು ಹೋದ" ಅಂತ ಠಾಣೆಯಲ್ಲಿ ಹೇಳಿದರೆ ಆ ಕಲಂ ತೋರಿಸಿ. ಬಲಿಪಶು ಒಪ್ಪಿದ್ದನೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ ಅಂತ ಅದರಲ್ಲೇ ಬರೆದಿದೆ.

ಕೈಯಲ್ಲಿ ಇರಬೇಕಾದ್ದು: ಪಾಸ್‌ಪೋರ್ಟಿನ ಫೋಟೋ, ಹೋದ ದಿನದ ಟಿಕೆಟ್, ಏಜೆಂಟನ ನಂಬರ್, ಹಣ ಹಾಕಿದ ಖಾತೆಯ ವಿವರ, ಎಲ್ಲ ಚಾಟ್‌ಗಳ ಸ್ಕ್ರೀನ್‌ಶಾಟ್, ಅವನು ಕಳಿಸಿದ ಲೊಕೇಶನ್. ಹುಡುಗ ಕದ್ದು ಫೋನ್ ಮಾಡುತ್ತಿದ್ದರೆ ನೀವಾಗಿ ತಿರುಗಿ ಮಾಡಬೇಡಿ, ಮೆಸೇಜೂ ಹಾಕಬೇಡಿ. ಅವನು ಮಾಡಿದಾಗ ಎತ್ತುವುದಕ್ಕೆ ಮನೆಯಲ್ಲಿ ಒಬ್ಬರು ರಾತ್ರಿಯೂ ಎಚ್ಚರ ಇರಲಿ. ಕಟ್ಟಡದ ಹೆಸರು, ಕಿಟಕಿಯಿಂದ ಏನು ಕಾಣುತ್ತದೆ, ಜೊತೆಗೆ ಎಷ್ಟು ಭಾರತೀಯರಿದ್ದಾರೆ ಅಂತ ಮೊದಲು ಕೇಳಿ. ಉಳಿದ ಮಾತು ಆಮೇಲೆ.